ಧವಲಗಢದ ಕಿರಿಯ ಕುಮಾರ

ವಂಶಾವಳಿ ಹಾಡುವ ಭಟ್ಟ ರಾವ್ ಖಂಗಾರರು ಕಣ್ಣು ಮುಚ್ಚಿ ಹಾಡುತ್ತ ಧವಲಗಢದ ಕೋಟೆ ಶತ್ರುವಿನ ವಶವಾದ ದಿನಕ್ಕೆ ಬಂದು ಮುಟ್ಟಿದ್ದರು. ಠಾಕುರ ಲಖಧೀರಸಿಂಗರ ಚಾವಡಿಯಲ್ಲಿ ಕುಳಿತವರೆಲ್ಲ ಪೇಟ ಸರಿಪಡಿಸಿಕೊಂಡರು. ಮಗನ ನಿಶ್ಚಿತಾರ್ಥದ ತೆಂಗಿನಕಾಯಿಯನ್ನು ಸ್ವೀಕರಿಸುವ ಮೊದಲು ವಂಶದ ಭಟ್ಟರ ಬಾಯಿಂದ ಕುಲದ ಉತ್ಪತ್ತಿಯನ್ನು ಕೇಳುವುದು ಆ ಮನೆತನದ ನೇಮ.

ಕಾಯಿ ತಂದವರು ಬೀಜಲಸರದ ಭೋಮಸಿಂಗರು. ಮಗಳು ಸುಗನಕುಂವರಳಿಗೆ ಬಂದಿದ್ದ ಎರಡು ಸಂಬಂಧಗಳು ಆಗಲೇ ತಪ್ಪಿಹೋಗಿದ್ದವು. ಇದಾದರೂ ಕೂಡಿಬರಲೆಂದು ಕುಲದೇವಿಗೆ ಹರಕೆ ಹೊತ್ತು ಬಂದಿದ್ದರು.

"ಹಿರಿಯ ಕುಮಾರ ಕೊನೆಯ ಕಾಳಗಕ್ಕೆ ಕೇಸರಿ ಉಟ್ಟು ಕೋಟೆಯ ಬಾಗಿಲು ತೆರೆದ," ರಾವ್ ದನಿ ಏರಿಸಿದರು. "ರಾಣಿಯರು ಅಗ್ನಿಗೆ ಕೈಮುಗಿದರು. ಹಾಲು ಬಿಡದ ಕಿರಿಯ ಕುಮಾರನನ್ನು ಸಾಕುತಾಯಿ..."

ಭೋಮಸಿಂಗರ ಕಣ್ಣು ತುಂಬಿತು. ನಸುಕಿನ ಬೀಸುಕಲ್ಲಿನ ಸದ್ದು, ಸಜ್ಜೆಯ ಹಿಟ್ಟಿನ ಬೆಚ್ಚನೆಯ ವಾಸನೆ, ಅಜ್ಜಿಯ ತೊಡೆ. ಮೈಮರೆತು ಅವರೇ ಸಾಲನ್ನು ಪೂರೈಸಿದರು: "ಬುಟ್ಟಿಯಲ್ಲಿಟ್ಟು, ಬೇವಿನ ಸೊಪ್ಪು ಹೊದಿಸಿ, ಮರಳುಗಾಡು ದಾಟಿದಳು!"

ರಾವ್ ಕಣ್ಣು ತೆರೆದು, ಠಾಕುರರನ್ನು ಕರೆಯುವ ಮರ್ಯಾದೆಯ ಮಾತಿನಲ್ಲೇ ಕೇಳಿದರು: "ಹುಕುಂ, ಬೇವಿನ ಸೊಪ್ಪಿನ ಮಾತು ಈ ಕುಲ ಬಿಟ್ಟು ಹೊರಗೆ ಹೋಗಿಲ್ಲ. ನಿಮಗೆ ಹೇಳಿದ್ಯಾರು?"

"ನಮ್ಮಜ್ಜಿ. ಅದು ನಮ್ಮ ಮೂಲಪುರುಷನ ಕಥೆಯಲ್ವೇ..."

ಊರಿನ ಹೆಸರನ್ನೇ ಕುಲದ ಹೆಸರಾಗಿ ಹೊತ್ತು ತಲೆಮಾರುಗಳು ಕಳೆದಿದ್ದ ಬೀಜಲಸರಿಯರೂ ಹಿರಿಯ ಕುಮಾರನ ಪೀಳಿಗೆಯ ಲಖಧೀರಸಿಂಗರಂತೆ ಧವಲಗಢದ ರಕ್ತವೆಂಬುದು ಚಾವಡಿಗೆಲ್ಲ ತಿಳಿದುಹೋಗಿತ್ತು. ಒಂದೇ ಕುಲದೊಳಗೆ ಹೆಣ್ಣು ಕೊಡುವಂತಿಲ್ಲ, ತರುವಂತಿಲ್ಲ.

"ಒಂದು ಗಳಿಗೆ ಬಾಯಿ ಮುಚ್ಕೊಂಡಿದ್ರೆ ಬೀಗನಾಗ್ತಿದ್ದೆಯಲ್ಲೋ ಪುಣ್ಯಾತ್ಮ!" ಮೂಲೆಯಿಂದ ಮುದುಕರೊಬ್ಬರು ಕೆಣಕಿದರು. ಯಾರೂ ನಗಲಿಲ್ಲ.

ಭೋಮಸಿಂಗರು ರಾವ್ ಕಡೆಗೆ ಬಾಗಿದರು. "ರಾವ್‌ಜೀ, ಮಗು ದಾರೀಲೇ ತೀರಿಹೋಯ್ತು ಅಂತ ಹಾಡಿಬಿಡಿ, ಆಗ ನಾವು ಬೇರೆ ಕುಲ ಆಗ್ತೀವಿ. ಮನೇಲಿ ಸುಗನ ಕಾಯ್ತಿದಾಳೆ."

"ಶತ್ರು ಕೈಗೆ ಸಿಗದೆ ಉಳಿದ ಮಗು, ಹುಕುಂ. ನನ್ನ ನಾಲಿಗೆಯಿಂದ ಕೊಲ್ಲಿಸ್ತೀರಾ?"

ಭೋಮಸಿಂಗರು ಅಡ್ಡಡ್ಡ ತಲೆಯಾಡಿಸಿದರು. "ಬೇಡ. ಬದುಕಲಿ."

ಲಖಧೀರಸಿಂಗರು ಒಳಗೆ ಕೂಗಿ ದೊಡ್ಡದೊಂದು ಕಂಚಿನ ತಟ್ಟೆ ತರಿಸಿದರು. ಸಜ್ಜೆ ರೊಟ್ಟಿ ಮುರಿದು, ತುಪ್ಪ ಸುರಿದು, ತಮಗೂ ಭೋಮಸಿಂಗರಿಗೂ ನಡುವೆ ಇಟ್ಟರು.

"ಹೆಣ್ಣಿನ ತಂದೆ ಬೀಗರ ಮನೇಲಿ ಉಣ್ಣಬಾರದು ಅಂತ ಬೆಳಿಗ್ಗೆಯಿಂದ ಈ ಮನೆ ನೀರೂ ಮುಟ್ಟಿಲ್ಲ ನೀನು," ಎಂದರು. 'ತಾವು' ಎಂಬ ಮರ್ಯಾದೆ ತಾನಾಗಿ ಕಳಚಿತ್ತು. "ತಮ್ಮನಿಗೆ ಆ ನೇಮ ಇಲ್ಲ. ಉಣ್ಣು."

ಭೋಮಸಿಂಗರ ಕೈ ತಟ್ಟೆಯ ಅಂಚಿನವರೆಗೆ ಬಂದು ನಿಂತಿತು. ಈ ತುತ್ತು ಉಂಡರೆ ಅವರು ಅಣ್ಣತಮ್ಮಂದಿರು; ಬೀಗತನ ಅಲ್ಲಿಗೆ ಮುಗಿಯಿತು. ಎದುರಿಗೆ ಲಖಧೀರಸಿಂಗರೂ ತುತ್ತು ಎತ್ತಲಿಲ್ಲ. ತುಪ್ಪ ಮೆಲ್ಲಗೆ ರೊಟ್ಟಿಯೊಳಗೆ ಇಳಿಯುತ್ತಿತ್ತು.