ಹುಟ್ಟಿದ ದಿನದ ಖಾನೆ

ಮತ್ತೆ ಬಂತು ಆ ಬೂದು ಚೌಕ, ಪರದೆಯ ನಡುವೆ, ಹುಟ್ಟಿದ ದಿನಾಂಕ ತುಂಬಿ ಎನ್ನುತ್ತ, ಭುವನೇಶ್ವರಿ ಒತ್ತಿ ಮುಚ್ಚಿದಳು, ಅವಳು ಟೈಪು ಮಾಡಿದ ಜಟ್ಟೆಪ್ಪ ಎಂಬ ಅಪ್ಪನ ಹೆಸರು ಹಾಗೇ ಇತ್ತು, ಕೆಳಗಿನ ಖಾನೆ ಖಾಲಿ — ಅವಳೇ ಬರೆದ ಚೌಕ, ಪುಣೆಯ ಮಗರಪಟ್ಟಾದ ಈ ಆಫೀಸಿಗೆ ಸೇರಿದ ಹೊಸದರಲ್ಲಿ, ರಾಂಜಣಗಾಂವದ ಒಂದು ಕಾರ್ಖಾನೆಯ ನೌಕರಿ ಅರ್ಜಿಗೆ ಹನ್ನೊಂದು ಸಾಲು ಸ್ಕ್ರಿಪ್ಟು, ಅದಕ್ಕೆ ಮೊದಲು ಆ ಪುಟ ಗೋಡೆಗೆ ಅಂಟಿಸಿದ ಜಾಹೀರಾತಿನ ಹಾಗೆ ಸುಮ್ಮನಿತ್ತು, ಆಮೇಲೆ ಕೇಳತೊಡಗಿತು, ತಡೆಯತೊಡಗಿತು, ತುಂಬುವವರ ಕಂಪ್ಯೂಟರಿನಲ್ಲೇ, ಅರ್ಜಿ ಹೊರಡುವ ಮೊದಲೇ, ಸುಖೇಶ್ ಸರ್ ಬೆನ್ನ ಹಿಂದೆ ನಿಂತು ನಕ್ಕಿದ್ದರು, ಒಳ್ಳೇದಾಯ್ತು ಮಾರಾಯ್ತಿ, ಕಸ ಎಲ್ಲ ಬಾಗಿಲಲ್ಲೇ ನಿಲ್ತದೆ, ಸರ್ವರ್ ತನಕ ಬರೂದೇ ಇಲ್ಲ, ಅದನ್ನೇ ಮನೆಯಲ್ಲಿ ಹೇಳಿದಳು, ಅಪ್ಪ ಉಗುರಿನ ಸಿಮೆಂಟು ಕೆರೆಯುತ್ತ, ಭಾಳ ಶಾಣ್ಯಾ ಅದ ನಿನ್ನ ಪೇಜ್, ಸುಳ್ಳು ಹೇಳಿದರ ಹಿಡೀತದೇನು, ಹಿಡೀತದಪ್ಪಾ, ನಿನ್ನಂಥಾವ್ರನ್ನ ಮೊದಲ ಹಿಡೀತದ — ಯಾಕೆ ಹಾಗೆಂದಳು, ಅದಕ್ಕೆ ಸುಳ್ಳು ಗೊತ್ತಾಗುವುದಿಲ್ಲ, ಖಾಲಿ ಮಾತ್ರ ಗೊತ್ತಾಗುತ್ತದೆ, ಅವಳದೇ ಹುಟ್ಟಿದ ದಿನ ಸುಳ್ಳು, ಶಾಲೆಗೆ ಸೇರಿಸುವಾಗ ಕೂಲಿಯವರ ಮಕ್ಕಳಿಗೆಲ್ಲ ಮಾಸ್ತರರು ಜೂನ್ ಒಂದು ಎಂದು ಬರೆದರು, ಅಪ್ಪ ಶಾಲೆಯ ಮೆಟ್ಟಿಲೇ ಹತ್ತಿದವನಲ್ಲ, ಅವನಿಗೆ ಅದೂ ಇಲ್ಲ.

ಅವ್ವ ಇವತ್ತು ಬೆಳಿಗ್ಗೆ ಹೇಳಿದಳು, ಅಪ್ಪನ ಹದಿಮೂರು ದಿನ ಮುಗಿದ ಮೇಲೆ, ನಿಮ್ಮಪ್ಪಗ ಮೊಣಕಾಲು ಬಾಗ್ತಿರಲಿಲ್ಲ ಭುವಿ, ವಾಚ್‌ಮನ್ ಕೆಲಸಕ್ಕ ಅರ್ಜಿ ಹಾಕಾಕ ಸೈಬರ್ ಕೆಫೆಗೆ ಹೋಗಿದ್ದ, ತಾರೀಕು ಕೇಳಿತಂತ, ಕೆಫೆದ ಮೋಹನದಾಸ್ ಯಾವುದರೆ ಒಂದು ಹಾಕ್ತೀನಿ ಅಂದನಂತ, ಬ್ಯಾಡೋ, ನನ್ನ ಮಗಳು ಮಾಡಿದ ಪೇಜ್, ಸುಳ್ಳು ಹಿಡೀತದ, ಆಕೀ ನೌಕರಿಗೆ ಕುತ್ತು ಬರ್ತದ, ಖಾಲಿ ಬಿಟ್ಟ ಒತ್ತು ಅಂದನಂತ, ಮೂರು ಸಲ ಒತ್ತಿಸಿದನಂತ, ನಿನಗ ಹೇಳಬ್ಯಾಡ ಅಂತ ನನ್ನ ಮ್ಯಾಲ ಆಣಿ ಇಟ್ಟಿದ್ದ — ಮೂರು ಸಲ ಚೌಕ, ಮರುದಿನ ಅದೇ ಮೊಣಕಾಲಿನಲ್ಲಿ ಬಿದಿರಿನ ಅಟ್ಟಣಿಗೆ, ನಾಲ್ಕನೇ ಮಹಡಿ, ಬಿದ್ದಲ್ಲಿ ಮರಳು ಕೂಡ ಇರಲಿಲ್ಲ.

ಸರ್ವರಿನಲ್ಲಿ ಹುಡುಕಿದಳು, ಸಾವಿರದಿನ್ನೂರು ಅರ್ಜಿ, ಜಟ್ಟೆಪ್ಪ ಇಲ್ಲ, ಬಂದು ತಿರುಗಿ ಹೋದ ಗುರುತೂ ಇಲ್ಲ, ಹಾಗೆ ಆಗಲೆಂದೇ ಬರೆದದ್ದು, ಮರಣದ ದಾಖಲೆ ಬರೆಯುವ ಗುಮಾಸ್ತ ಮಾತ್ರ ತಡೆಯಲಿಲ್ಲ, ವಯ ಕಿತಿ ಎಂದು ಮರಾಠಿಯಲ್ಲಿ ವಯಸ್ಸು ಕೇಳಿದ, ಅವ್ವ ಸೆರಗು ಕಚ್ಚಿಕೊಂಡಳು, ಅವನು ತಲೆ ಎತ್ತದೆ ಅಂದಾಜೆ ಪನ್ನಾಸ್, ಅಂದಾಜು ಐವತ್ತು, ಎಂದು ಬರೆದು ಮೊಹರು ಹಾಕಿದ, ಅಷ್ಟೇ, ಅಂದಾಜು ಸಾಕಾಗಿತ್ತು — ಒಂದು ಸಾಲು ಅಳಿಸಿದರೆ ಪುಟ ಸುಮ್ಮನಾಗುತ್ತದೆ, ಯಾವ ಸಾಲೆಂದು ಅವಳಿಗೆ ಗೊತ್ತು, ಬೆರಳು ಆ ಕಡೆ ಹೋಗುವುದಿಲ್ಲ, ಖಾಲಿ ಬಿಟ್ಟು ಒತ್ತುತ್ತಾಳೆ, ಬೂದು ಚೌಕ, ಮುಚ್ಚುತ್ತಾಳೆ, ಒತ್ತುತ್ತಾಳೆ, ಬೂದು ಚೌಕ, ಒತ್ತುತ್ತಾಳೆ, ಬೂದು ಚೌಕ