ಗಾಡಿ ಇಳಿಸಿದ್ದು ಯಾರು

ನಿಬಾಲ್ ಶಾಲೆಯ ಕೆಲಸ ಬಿಟ್ಟು ಬರವಣಿಗೆಯನ್ನೇ ನೆಚ್ಚಿಕೊಂಡು ಎರಡು ವರ್ಷವಾಗಿತ್ತು. ಆದರೂ ಯಾರಾದರೂ "ಏನು ಬರೀತೀಯಮ್ಮಾ?" ಎಂದು ಕೇಳಿದರೆ ಅವಳಿಗೆ ಮಾತು ಹೊರಡುತ್ತಿರಲಿಲ್ಲ. ಆ ವಾರ ಒಬ್ಬ ಹಲ್ಲಿನ ಡಾಕ್ಟರಿಗೆ ಬರೆದಿದ್ದಳು, ಬಟ್ಟೆ ಸೋಪಿನವರಿಗೆ ಬರೆದಿದ್ದಳು, ಪೆಟ್ರಾ ನೋಡಲು ಬರುವವರಿಗೆ ಯಾವ ಚಪ್ಪಲಿ ಒಳ್ಳೆಯದು ಎಂದೂ ಬರೆದಿದ್ದಳು.

"ಅದೇ ನಿನ್ನ ತಪ್ಪು," ಎಂದಳು ಇತಿದಾಲ್. ಇಪ್ಪತ್ತು ವರ್ಷದಿಂದ ಯಾರ ಸಂಬಳಕ್ಕೂ ಸೇರದೆ ಬರೆದೇ ಬದುಕಿದ ಹೆಂಗಸು. ವೈಬ್ದೆ ಗುಡ್ಡದ ತನ್ನ ಮನೆಯ ಮೆಟ್ಟಿಲ ಮೇಲೆ ಕೂತು ಮರಮಿಯ್ಯೆ ಸೊಪ್ಪಿನ ಚಹಾ ಹೀರುತ್ತಿದ್ದಳು. "ಒಂದು ಜಾಗ ಹಿಡಿ. ಇಂಥದ್ದು ಬೇಕಂದ್ರೆ ನಿಬಾಲ್ ಹತ್ರ ಹೋಗಿ ಅನ್ನೋ ಹಾಗಾಗ್ಬೇಕು. ಆಮೇಲೆ, ಹೂಂ ಅನ್ನೋ ಮುಂಚೆ ಕೇಳು. ಯಾರಿಗೋಸ್ಕರ, ಯಾರು ಓದ್ತಾರೆ, ಕೊನೇ ಮಾತು ಯಾರ್ದು. ನೀನು ಫೋನ್ ರಿಂಗಾದ್ರೆ ಸಾಕು, ಹಲೋ ಅನ್ನೋ ಬದ್ಲು ಹೂಂ ಅಂತೀಯ."

"ಬಂದ ಕೆಲಸ ಬಿಡ್ಬೇಡ ಅಂತ ನೀನೇ ಹೋದ ವರ್ಷ ಹೇಳಿದ್ಯಲ್ಲಾ?"

"ಹೋದ ವರ್ಷ ನಿಂಗೆ ಕೆಲಸವೇ ಇರ್ಲಿಲ್ಲ ಕಣೇ!"

ಇದು ಬುದ್ಧಿಮಾತೋ ತಮಾಷೆಯೋ ನಿಬಾಲಳಿಗೆ ತಿಳಿಯಲಿಲ್ಲ. ಮನೆಗೆ ಬಂದು ಬಹಳ ಹೊತ್ತು ಯೋಚಿಸಿ ಒಂದು ತೀರ್ಮಾನಕ್ಕೆ ಬಂದಳು: ಹಳೆಯ ಅಂಗಡಿಗಳ ಕಥೆ ಬರೆಯುವುದು. ಅಮ್ಮಾನಿನ ಪೇಟೆಯಲ್ಲಿ ಹಳೆಯ ಅಂಗಡಿಗಳಿಗೇನು ಬರವೇ?

ಮೊದಲ ಗಿರಾಕಿ ತಾನಾಗಿ ಬಂದ. ಪೇಟೆಯಲ್ಲಿ ಕುನಾಫಾ ಎಂಬ ಚೀಸಿನ ಸಿಹಿತಿಂಡಿಯ ಅಂಗಡಿ ಇಟ್ಟಿದ್ದ ವಾಸಿಫ್. ಅವನ ಮಗಳು ಶಾಲೆಯಲ್ಲಿ ನಿಬಾಲಳ ಹತ್ತಿರ ಓದಿದ್ದಳು.

"ಟೀಚರಮ್ಮಾ, ಗೋಡೆ ಮೇಲೆ ಹಾಕೋಕೆ ನಮ್ಮಪ್ಪನ ಕಥೆ ಬರ್ಕೊಡಿ," ಎಂದ ಅವನು, ಬಿಸಿ ತಟ್ಟೆಗೆ ಪಾಕ ಸುರಿಯುತ್ತ. "ಅಪ್ಪ ಹಾಜ್ ದುರೈದ್ ಅಶ್ರಫಿಯ್ಯೆ ಗುಡ್ಡದಿಂದ ಗಾಡೀಲಿ ಕುನಾಫಾ ತಂದು ಮಾರ್ತಿದ್ರು. ಒಂದು ರಂಜಾನಿನಲ್ಲಿ ಕಾಲು ಮುರ್ಕೊಂಡ್ರು. ತಟ್ಟೆಗಳು ತುಂಬಿ ಕೂತಿದ್ವು. ಹತ್ತು ವರ್ಷದ ಹುಡುಗ ನಾನು, ಗಾಡಿಗೆ ಹಗ್ಗ ಕಟ್ಟಿ, ಹಿಂದಕ್ಕೆ ಜಗ್ಗಿ ಹಿಡಿದು ಆ ಇಳಿಜಾರೆಲ್ಲ ಇಳಿಸ್ದೆ. ಅವತ್ತು ಆ ಗಾಡಿ ಇಳೀದೆ ಹೋಗಿದ್ರೆ ಈ ಅಂಗಡಿ ಎಲ್ಲಿರ್ತಿತ್ತು?"

"ಒಬ್ಬರೇನಾ?"

"ಮತ್ತಿನ್ಯಾರು? ತಮ್ಮ ನಿಮ್ರ್ ಮನೇಲಿ ಅಳ್ತಾ ಕೂತಿದ್ದ."

ನಿಬಾಲಳಿಗೆ ಖುಷಿಯಾಯಿತು. ಅದೇ ವಾರ ಒಂದು ಜಾಹೀರಾತು ಕಚೇರಿಯಿಂದ ಫೋನು ಬಂತು. ಸಿಹಿ ಅಂಗಡಿಯೊಂದರ ಡಬ್ಬಿಯ ಮೇಲೆ ಹಾಕಲು ಮನೆತನದ ಕಥೆ ಬೇಕು, ಮಾಲೀಕರು ಮಾತಾಡಿದ್ದನ್ನು ರೆಕಾರ್ಡ್ ಮಾಡಿ ಕಳಿಸುತ್ತೇವೆ ಎಂದರು. ಇತಿದಾಲ್ ಹೇಳಿದ್ದು ನೆನಪಾಗುವ ಮುಂಚೆಯೇ ನಿಬಾಲ್ ಹೂಂ ಎಂದುಬಿಟ್ಟಿದ್ದಳು.

ರೆಕಾರ್ಡಿಂಗಿನಲ್ಲಿ ಒಬ್ಬ ಗಂಡಸಿನ ದನಿ. "ನಮ್ಮಪ್ಪ ಹಾಜ್ ದುರೈದ್, ದೇವರು ಅವರಿಗೆ ಶಾಂತಿ ಕೊಡ್ಲಿ, ರಂಜಾನಿನಲ್ಲಿ ಕಾಲು ಮುರ್ಕೊಂಡಾಗ ನಂಗಿನ್ನೂ ಒಂಬತ್ತು. ಗಾಡಿಯ ಮುಂದಿನ ಹಿಡಿಕೆಗೆ ಎದೆ ಕೊಟ್ಟು ಗುಡ್ಡ ಇಳಿಸ್ದೆ. ಚಕ್ರ ಒಂದೊಂದು ಸುತ್ತು ಉರುಳ್ದಾಗ್ಲೂ ಮೊಣಕಾಲಿಗೆ ಹೊಡೀತಿತ್ತು. ಅಣ್ಣ? ಅಣ್ಣ ಮನೇಲಿ ಅಳ್ತಾ ಕೂತಿದ್ದ."

ನಿಬಾಲ್ ಅದನ್ನು ಮತ್ತೆ ಕೇಳಿದಳು. ಸ್ವೇಫಿಯ್ಯೆ ಬಡಾವಣೆಯಲ್ಲಿ ಗಾಜು ಹೊಳೆಯುವ ಸಿಹಿ ಅಂಗಡಿ ಇಟ್ಟ, ವಾಸಿಫ್‌ನ ತಮ್ಮ ನಿಮ್ರ್ ಇವನೇ. ಅಣ್ಣತಮ್ಮಂದಿರು ಅಪ್ಪ ಸತ್ತ ಮೇಲೆ ಮಾತು ಬಿಟ್ಟಿದ್ದು ಊರಿಗೆಲ್ಲ ಗೊತ್ತಿತ್ತು, ಅವಳಿಗೊಬ್ಬಳಿಗೆ ಬಿಟ್ಟು. ಒಂದೇ ಗಾಡಿಯನ್ನು ಇಬ್ಬರೂ ಒಬ್ಬೊಬ್ಬರೇ ಇಳಿಸಿದ್ದರು. ಇಬ್ಬರ ಮಾತಿನಲ್ಲೂ ಸುಳ್ಳಿನ ವಾಸನೆ ಇರಲಿಲ್ಲ. ಯಾವುದನ್ನು ಬರೆಯುವುದು? ಎರಡನ್ನೂ ಬರೆದರೆ ತನ್ನ ಮಾತನ್ನು ಯಾರು ನಂಬಬೇಕು?

ಮರುದಿನ ಅಶ್ರಫಿಯ್ಯೆ ಗುಡ್ಡ ಹತ್ತಿ ಅವರ ತಾಯಿಯ ಮನೆಗೆ ಹೋದಳು. ಉಮ್ ವಾಸಿಫ್, ಅಂದರೆ ವಾಸಿಫ್‌ನ ತಾಯಿ, ಒಳಗೆ ಅನ್ನ ತುಂಬಿ ಬೇಯಿಸುವ ಕೊಸೆ ಕಾಯಿಯ ತಿರುಳು ಕೊರೆಯುತ್ತ ಕೂತಿದ್ದರು. ಒಂದು ಕೊರೆಯುವ ಕಡ್ಡಿಯನ್ನು ಅವಳ ಕೈಗೂ ಕೊಟ್ಟರು.

"ಗಾಡಿ ಇಳಿಸಿದ್ದು ಯಾರಮ್ಮಾ?"

"ವಾಸಿಫ್."

"ನಿಮ್ರ್ ತಾನು ಅಂತಾರೆ."

"ಹಾಂ, ನಿಮ್ರ್."

ನಿಬಾಲಳ ಕೈಯಲ್ಲಿದ್ದ ಕಾಯಿ ತೂತಾಯಿತು. ಮುದುಕಿ ಅದನ್ನು ಕಸಿದುಕೊಂಡು, "ಟೀಚರಿಗೆ ಇಷ್ಟೂ ಬರಲ್ವಾ?" ಎಂದು ಬದಿಗಿಟ್ಟರು. "ನೋಡು ಮಗಳೇ, ಅವತ್ತು ನಾನು ಅವರಪ್ಪನ ಜೊತೆ ಆಸ್ಪತ್ರೇಲಿದ್ದೆ. ಬಂದಾಗ ತಟ್ಟೆಗಳೆಲ್ಲ ಖಾಲಿ, ಹುಡುಗ್ರು ನಿದ್ದೆ. ಬೆಳಗಾದ ಮೇಲೆ ದೊಡ್ಡವನನ್ನ ಒಳಗೆ ಕರೆದು, ನೀನೇ ಮನೆ ಉಳಿಸ್ದೆ ಕಂದಾ ಅಂದೆ. ಆಮೇಲೆ ಚಿಕ್ಕವನನ್ನ ಕರೆದೆ. ಅವನಿಗೂ ಅದನ್ನೇ ಅಂದೆ. ವರ್ಷಗಟ್ಟಲೆ ಅದನ್ನೇ ಹೇಳ್ತಾ ಬಂದೆ. ಹಾಗಂದ್ರೆ ಕೆಲ್ಸಕ್ಕೆ ಚುರುಕಾಗೋರು."

"ನಿಜವಾಗ್ಲೂ ಯಾರು ಅಂತ ಕೇಳ್ಲಿಲ್ವಾ?"

"ಕೇಳಿದ್ರೆ ಒಬ್ಬನಿಗೆ ಬೇಜಾರಾಗ್ತಿತ್ತಲ್ಲಾ."

ನಿಬಾಲ್ ಗುಡ್ಡ ಇಳಿಯುವಾಗ ತಲೆಯೊಳಗೆ ಎರಡು ಗಾಡಿಗಳು ಡಿಕ್ಕಿ ಹೊಡೆಯುತ್ತಿದ್ದವು. ದಾರಿಯಲ್ಲೇ ಇತಿದಾಲಳಿಗೆ ಫೋನು ಮಾಡಿದಳು.

"ಇಬ್ರ ಕಥೆನೂ ನಾನೇ ಬರೀತಿದೀನಿ ಅಂತ ಇಬ್ರಿಗೂ ಮೊದ್ಲು ಹೇಳು," ಎಂದಳು ಇತಿದಾಲ್, ಈ ಸಲ ತಮಾಷೆ ಮಾಡದೆ. "ಇವತ್ತೇ. ಬೇರೆಯವರ ಬಾಯಿಂದ ಗೊತ್ತಾದ್ರೆ ನೀನು ಎರಡು ಗಿರಾಕಿ ಅಲ್ಲ, ಪೇಟೇನೇ ಕಳ್ಕೋತೀಯ."

ಇದನ್ನು ಕೇಳಿದ ಕೂಡಲೇ ವಾಸಿಫ್ ಕೈಯಲ್ಲಿದ್ದ ಸೌಟು ಕೆಳಗಿಟ್ಟ. "ಅವನಿಗೂ ಬರೀತೀರಾ? ನನ್ನ ಉಪ್ಪು ತಿಂದು?"

"ನಿಮ್ಮ ಸಕ್ಕರೆ ತಿಂದೆ," ಎಂದು ಬಾಯಿತಪ್ಪಿ ಅಂದುಬಿಟ್ಟಳು. ವಾಸಿಫ್ ನಗಲಿಲ್ಲ. ಬೇರೆ ಯಾರಿಂದಲಾದರೂ ಬರೆಸಿಕೊಳ್ಳುತ್ತೇನೆ ಎಂದು ಒಳಗೆ ಹೋದ. ನಿಮ್ರ್ ಮಾತ್ರ ಫೋನಿನಲ್ಲೇ, "ಅವನ ಗೋಡೆ, ನನ್ನ ಡಬ್ಬಿ. ನಂಗೇನು?" ಎಂದ. ಅವನಿಗಾಗಿ ಅವಳು ಗಾಡಿಯ ಸುದ್ದಿಯನ್ನೇ ಬಿಟ್ಟು, ಕುನಾಫಾಕ್ಕೆ ಹಾಕುವ ಚೀಸಿನ ಉಪ್ಪು ಬಿಡಿಸಲು ಮನೆಮಂದಿಯೆಲ್ಲ ನೀರು ಬದಲಿಸುತ್ತಿದ್ದ ಬೆಳಗುಗಳನ್ನು ಬರೆದುಕೊಟ್ಟಳು. ತಾನು ಸರಿಯಾದದ್ದನ್ನೇ ಮಾಡಿದೆನೋ ಹೆದರಿ ನುಣುಚಿಕೊಂಡೆನೋ, ಅದು ಮಾತ್ರ ತಿಳಿಯಲಿಲ್ಲ.

ಮುಂದಿನ ತಿಂಗಳು ನಾಲ್ಕಾರು ಜನ ಸೇರಿ ಹೋಗುವ ಸರ್ವೀಸ್ ಟ್ಯಾಕ್ಸಿಯಲ್ಲಿ ಪಕ್ಕದ ಹೆಂಗಸಿನ ತೊಡೆಯ ಮೇಲೆ ನಿಮ್ರ್‌ನ ಡಬ್ಬಿ ಕಂಡಿತು. ನಿಬಾಲ್ ಕತ್ತು ಚಾಚಿ ಓದಿದಳು. ಅವಳ ಸಾಲುಗಳಿದ್ದವು. ಅವುಗಳ ನಡುವೆ, ಅವಳು ಬರೆಯದ ಒಂದು ಸಾಲಿನಲ್ಲಿ, ಒಂಬತ್ತು ವರ್ಷದ ಹುಡುಗನೊಬ್ಬ ಒಬ್ಬನೇ ಗಾಡಿ ಇಳಿಸುತ್ತಿದ್ದ.

ಕಚೇರಿಗೆ ಫೋನು ಮಾಡಿದರೆ, "ಗಿರಾಕಿಗೆ ಅದೇ ಇಷ್ಟ ಮೇಡಂ," ಎಂದರು. ಬದಲಿಸುವ ಮುಂಚೆ ತನಗೆ ತೋರಿಸಬೇಕೆಂಬ ಮಾತನ್ನು ಅವಳು ಮೊದಲೇ ಆಡಿರಲಿಲ್ಲ. ಇನ್ನು ಮೇಲೆ ನಡುವಿನವರ ಮೂಲಕ ಬರೆಯುವುದಿಲ್ಲ ಎಂದು ಹೇಳಿ ಫೋನಿಟ್ಟಳು. ತಿಂಗಳ ಅರ್ಧ ಕೆಲಸ ಇಂಥ ಕಚೇರಿಗಳಿಂದಲೇ ಬರುತ್ತಿತ್ತು.

ಎರಡು ದಿನ ಕಳೆದು ವಾಸಿಫ್ ಅವಳ ಮನೆಬಾಗಿಲಿಗೇ ಬಂದ. ಕೈಯಲ್ಲಿ ತಮ್ಮನ ಡಬ್ಬಿ. ಬೈಯುತ್ತಾನೆಂದು ನಿಬಾಲ್ ಗಟ್ಟಿಯಾಗಿ ನಿಂತಳು.

"ಬೇರೆಯವನ ಹತ್ರ ಬರೆಸ್ದೆ ಟೀಚರಮ್ಮಾ. ನಮ್ಮಪ್ಪನ್ನ ರಾಜ ಮಾಡ್ಬಿಟ್ಟಿದ್ದಾನೆ. ನಮ್ಮಪ್ಪ ರಾಜ ಅಲ್ಲ." ಕುರ್ಚಿಯ ತುದಿಯಲ್ಲಿ ಕೂತ. "ಈ ಸಾಲು ನಿಮ್ದಾ?"

"ಅಲ್ಲ." ಆಮೇಲೆ ಅವನ ತಾಯಿ ಹೇಳಿದ್ದನ್ನೆಲ್ಲ ಹೇಳಿದಳು.

ವಾಸಿಫ್ ತನ್ನ ಅಂಗೈ ನೋಡಿಕೊಂಡ. "ಅಮ್ಮ ಹೇಳಿದ್ದಲ್ಲ ಇದು. ಹಗ್ಗ ಉಜ್ಜಿ ಚರ್ಮ ಕಿತ್ತಿದ್ದು ನಂಗೆ ಈಗ್ಲೂ ನೆನಪಿದೆ."

"ನೀವು ಹಿಂದೆ ಹಗ್ಗ ಹಿಡ್ಕೊಂಡಿದ್ರಿ. ಗಾಡೀನ ಮುಂದೆ ಯಾರು ಹಿಡಿದಿದ್ರು?"

"ಮುಂದೆ..." ವಾಸಿಫ್ ಅಂಗೈ ಮಡಚಿದ. "ತಟ್ಟೆಗಳು ಅಡ್ಡ ಇದ್ವು. ನನ್ನ ತಲೆಗಿಂತ ಎತ್ತರ. ಏನೂ ಕಾಣಿಸ್ತಿರ್ಲಿಲ್ಲ."

ನಿಮ್ರ್‌ನ ಮೊಣಕಾಲಿನ ಮಾತು ನಿಬಾಲಳ ನಾಲಿಗೆಯ ತುದಿಗೆ ಬಂತು. ಹಾಗಾದರೆ ಮನೆಯಲ್ಲಿ ಅಳುತ್ತ ಕೂತವರು ಯಾರು? ಯಾರೂ ಇರಲಿಲ್ಲವೇ? ಗೊತ್ತಿಲ್ಲದ್ದನ್ನು ಗೊತ್ತೆಂದು ಹೇಳಲು ಅವಳಿಗೆ ಧೈರ್ಯ ಬರಲಿಲ್ಲ. "ಚಕ್ರ ತನ್ನ ಮೊಣಕಾಲಿಗೆ ಹೊಡೀತಿತ್ತು ಅಂತ ನಿಮ್ರ್ ಹೇಳಿದ್ರು," ಎಂದಷ್ಟೇ ಅಂದಳು.

ವಾಸಿಫ್ ಡಬ್ಬಿಯನ್ನು ಕೆಳಗಿಟ್ಟ. ಎದ್ದು ಹೋಗುವಾಗ, "ಬರೀರಿ," ಎಂದ. "ಏನು ಬರೀಬೇಕೋ ನಂಗೊತ್ತಿಲ್ಲ. ನೀವೇ ಬರೀರಿ."

ಅವಳು ಬರೆದಳು. ಆ ದಿನದ ಬಗ್ಗೆ ಇದ್ದದ್ದು ಒಂದೇ ಸಾಲು: ಯಜಮಾನ ಆಸ್ಪತ್ರೆಯಲ್ಲಿದ್ದ ದಿನವೂ ಗಾಡಿ ಪೇಟೆ ಮುಟ್ಟಿತು, ಮನೆಯ ಮಕ್ಕಳು ಮುಟ್ಟಿಸಿದರು.

ವಾಸಿಫ್ ಓದಿ, "ಮಕ್ಕಳು ಅಂದ್ರೆ?" ಎಂದ.

"ಮಕ್ಕಳು."

ಅವನು ಅದನ್ನು ಗೋಡೆಗೆ ಹಾಕಿಸಿದ. ಅಣ್ಣತಮ್ಮಂದಿರು ಮಾತಾಡಿದರೆಂದು ಯಾರೂ ಹೇಳಲಿಲ್ಲ. ಆದರೆ ಡಬ್ಬಿಗಳು ಮುಗಿದು ಹೊಸವು ಬಂದಾಗ ಆ ಒಬ್ಬಂಟಿ ಹುಡುಗ ಅವುಗಳ ಮೇಲೆ ಇರಲಿಲ್ಲ. ನಿಮ್ರ್‌ನೇ ತೆಗೆಸಿದನೋ, ಜಾಗ ಸಾಲದೆ ಹೋಯಿತೋ, ನಿಬಾಲ್ ಕೇಳಲಿಲ್ಲ.

ವಾಸಿಫ್‌ನ ಗೋಡೆ ಓದಿದ ಪಕ್ಕದ ದರ್ಜಿ ಅವಳನ್ನು ಕರೆದ. ಅವನ ಹಿಂದೆಯೇ ಸಾಂಬಾರ ಪದಾರ್ಥದ ವ್ಯಾಪಾರಿಯೂ ಬಂದ. ಇಬ್ಬರೊಂದಿಗೂ ಅವಳು ಮೊದಲೇ ಕೂತು, ಬೇರೆ ಯಾರನ್ನು ಕೇಳಬೇಕು, ಯಾರಿಗೆ ತೋರಿಸಬೇಕು ಎಂದು ಮಾತಾಡಿಕೊಂಡಳು.

"ಅಂತೂ ಒಂದು ಜಾಗ ಹಿಡಿದೆ," ಎಂದಳು ಇತಿದಾಲ್. "ಏನಂತ ಹೇಳ್ಕೋತೀಯ ಈಗ?"

ನಿಬಾಲ್ ಚೀಲವನ್ನು ಹೆಗಲಿಗೇರಿಸಿದಳು. "ಅದೇ ಗೊತ್ತಾಗ್ತಿಲ್ಲ ಕಣೇ," ಎಂದು, ದರ್ಜಿಯ ಅಕ್ಕನನ್ನು ಕಾಣಲು ಹೊರಟಳು. ಆಕೆಯ ಬಾಯಲ್ಲಿ ಆ ಅಂಗಡಿಯ ಕಥೆ ಬೇರೆಯೇ ಇದೆಯಂತೆ.