ಹನ್ನೆರಡು ಸೆಕೆಂಡು

ನನಗೆ ಸಿಟ್ಟು ಬೇಗ ಬರುತ್ತದೆ. ಮನೆಯವರಿಗೂ ಗೊತ್ತು, ಆಫೀಸಿನವರಿಗೂ ಗೊತ್ತು. ಆದರೆ ಈ ಸಲದ ಸಿಟ್ಟು ಮೊದಲು ಬಂದದ್ದು ನನ್ನ ಮೇಲೆಯೇ.

ಮೂಡಬಿದಿರೆಯಲ್ಲಿ ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಕಾರ್ಖಾನೆಗಳಿಗೆ ರೋಬೋಟ್ ಕೂರಿಸಿಕೊಡುವುದು ನಮ್ಮ ಕೆಲಸ. ರೋಬೋಟ್ ಬರುವುದಕ್ಕೆ ಮೊದಲೇ ಕಾರ್ಖಾನೆಯ ಒಳಗನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಅದರ ತೋಳು ಎಲ್ಲಿಂದ ಎತ್ತಬೇಕು, ಎಲ್ಲಿ ಇಳಿಸಬೇಕು ಎಂದು ಅಲ್ಲಿಯೇ ಓಡಿಸಿ ನೋಡಿ, ಪ್ರೋಗ್ರಾಮನ್ನೂ ಬರೆದು ಮುಗಿಸುವವಳು ನಾನು, ವಿಸ್ಮಿತಾ. ಆಮೇಲೆ ಅದನ್ನು ನಿಜವಾದ ರೋಬೋಟಿಗೆ ತುಂಬಿದರಾಯಿತು. ನಮ್ಮ ಯಜಮಾನರು ಕಮಲಾಕ್ಷ ಸರ್. ಹದಿನೆಂಟು ವರ್ಷ ದುಬೈಯಲ್ಲಿದ್ದು ಬಂದ ಅವರಿಗೆ ಇಲ್ಲಿಯ ಯಾವುದೂ ಸಾಕಷ್ಟು ಬೇಗ ಆಗುವುದಿಲ್ಲ.

ಈ ಸಲದ ಕೆಲಸ ಬಂಟ್ವಾಳದ ಹತ್ತಿರದ ಒಂದು ಗೇರುಬೀಜ ಕಾರ್ಖಾನೆಯದು. ಗೋಡಂಬಿ ತುಂಬಿದ ತಗಡಿನ ಡಬ್ಬಗಳು ಬೆಲ್ಟಿನ ಮೇಲೆ ಬರುತ್ತವೆ. ರೋಬೋಟ್ ಬೆಲ್ಟಿನ ಕೊನೆಯಲ್ಲಿ ನಿಂತು ಅವನ್ನು ಎತ್ತಿ ಪಕ್ಕದಲ್ಲಿ ಒಂದರ ಮೇಲೊಂದು ಅಟ್ಟಿ ಹಾಕಬೇಕು. ಒಂದು ಡಬ್ಬಕ್ಕೆ ಹನ್ನೆರಡು ಸೆಕೆಂಡು ಎಂದು ನನ್ನ ಕಂಪ್ಯೂಟರು ಹೇಳಿತು. ಕಮಲಾಕ್ಷ ಸರ್ ಆ ವಿಡಿಯೊವನ್ನು ಕಾರ್ಖಾನೆಯ ಧಣಿ ಶೋಧನ್ ಅವರ ಫೋನಿಗೆ ಕಳಿಸಿದರು. ಶೋಧನ್ ಅದನ್ನು ಊರಿಗೆಲ್ಲ ತೋರಿಸಿದರು.

ಆ ವಿಡಿಯೊದಲ್ಲಿ ಒಬ್ಬ ಮನುಷ್ಯನೂ ಇದ್ದ. ಸಾಫ್ಟ್‌ವೇರಿನೊಟ್ಟಿಗೆ ಪುಕ್ಕಟೆ ಬರುವವನು. ಆರಡಿ ಎತ್ತರ, ತಲೆಗೆ ಹೆಲ್ಮೆಟ್, ಕಾಲಿಗೆ ಬೂಟು. ಬೆಲ್ಟಿನ ಪಕ್ಕ ಕಂಬದ ಹಾಗೆ ನಿಂತುಕೊಳ್ಳುತ್ತಾನೆ. ಅವನ ಅಳತೆಗೆ ಸರಿಯಾಗಿ ನಾನು ಸೆನ್ಸರ್ ಇಟ್ಟೆ. ಕಣ್ಣಿಗೆ ಕಾಣದ ಬೆಳಕಿನ ಗೆರೆಗಳು ಅವು. ಯಾರಾದರೂ ಅವನ್ನು ದಾಟಿದರೆ ರೋಬೋಟ್ ತಟ್ಟನೆ ನಿಲ್ಲಬೇಕು. ಎಲ್ಲಕ್ಕಿಂತ ಕೆಳಗಿನ ಗೆರೆ ಅವನ ಮೊಣಕಾಲಿನ ಎತ್ತರದಲ್ಲಿತ್ತು. ಕಾರ್ಖಾನೆಯ ಅಳತೆ ತೆಗೆಯಲು ನಾನು ಹೋದದ್ದು ಒಂದು ಭಾನುವಾರ. ರಜೆಯ ದಿನವಾದರೆ ಯಾರೂ ಅಡ್ಡ ಬರುವುದಿಲ್ಲ ಎಂದು ನಾನೇ ಕೇಳಿ ಹೋದದ್ದು. ಕೆಲಸದವರಿಲ್ಲದ ದಿನ ಹೋಗಿ ಕೆಲಸದ ಜಾಗವನ್ನು ಅಳೆದ ಬುದ್ಧಿವಂತೆ ನಾನು.

ರೋಬೋಟ್ ಕೂರಿಸಿದ ಮೇಲೆ, ಒಂದು ಸೋಮವಾರ, ಅಲ್ಲಿ ಜನ ಇರುವುದನ್ನು ಮೊದಲ ಸಲ ನೋಡಿದೆ. ಬೆಲ್ಟಿನ ಕೊನೆಯಲ್ಲಿ ಪೂವಮ್ಮ ಎಂಬವರು ಗಿಡ್ಡ ಮಣೆಯ ಮೇಲೆ ಕೂತು ಡಬ್ಬಗಳಿಗೆ ಚೀಟಿ ಅಂಟಿಸುತ್ತಿದ್ದರು. ಐವತ್ತೈದರ ಮೇಲಿನ ವಯಸ್ಸು, ಚಿಕ್ಕ ದೇಹ, ಬರಿಗಾಲು. ಆಚೆ ತುದಿಯಲ್ಲಿ ಸರಸ ಎಂಬವಳು ಡಬ್ಬ ತುಂಬಿ ಮುಚ್ಚಳ ಒತ್ತುವಾಗ ಒಂದೆರಡು ಗೋಡಂಬಿ ಹಾರಿ ಬೆಲ್ಟಿಗೆ ಬೀಳುತ್ತದೆ. ಅದು ಬೆಲ್ಟಿನ ಮೇಲೆಯೇ ಸವಾರಿ ಮಾಡಿ ಬಂದು ಈಚೆ ತುದಿಯಲ್ಲಿ ನೆಲಕ್ಕೆ ಉದುರುತ್ತದೆ. ಉದುರಿದ ಕೂಡಲೇ ಪೂವಮ್ಮ ಕೂತಲ್ಲಿಂದಲೇ ಬಗ್ಗಿ, ಕೈ ಉದ್ದ ಮಾಡಿ ಹೆಕ್ಕಿದರು. ಕೈ ಬೆಳಕಿನ ಗೆರೆಯ ಅಡಿಯಿಂದ ಹೋಯಿತು. ರೋಬೋಟ್ ನಿಲ್ಲಲಿಲ್ಲ. ಡಬ್ಬ ಅವರ ಬೆರಳಿಂದ ಒಂದು ಗೇಣು ಆಚೆ ಕೂತಿತು.

ಶೋಧನ್, ಕಮಲಾಕ್ಷ ಸರ್ ಇಬ್ಬರೂ ಅಲ್ಲಿಯೇ ನಿಂತು ನೋಡುತ್ತಿದ್ದರು. ಶೋಧನ್ ಪೂವಮ್ಮನಿಗೆ ಬೈದರು. ಕಮಲಾಕ್ಷ ಸರ್, ಇಲ್ಲಿ ಬಗ್ಗಬಾರದು ಎಂದು ಒಂದು ಬೋರ್ಡು ಹಾಕಿಸುವ ಎಂದರು. ಬೋರ್ಡಂತೆ! ನೆರಿಯ ಎಂಬ ಹಳ್ಳಿಯ ನಮ್ಮ ಮನೆಯಿಂದ ಬೆಳಗ್ಗಿನ ಮೊದಲ ಬಸ್ಸಿಗೆ ಹೋಗಿ, ಇಂಥದ್ದೇ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಕೂತು ಗೋಡಂಬಿಯ ಸಿಪ್ಪೆ ಬಿಡಿಸಿದವಳು ನನ್ನ ಅಮ್ಮ. ಗೋಡಂಬಿ ಕಾಲಡಿಗೆ ಬೀಳಬಾರದು ಅವಳಿಗೆ. ಮದುವೆ ಮನೆಯ ಪಾಯಸದಿಂದ ಯಾರದೋ ಎಲೆಯ ಆಚೆ ಒಂದು ತುಂಡು ಬಿದ್ದರೂ ಬಗ್ಗಿ ಹೆಕ್ಕಿಯೇ ಸಿದ್ಧ. ಇದನ್ನು ನೋಡಿ ಬೆಳೆದ ನಾನು ಆರಡಿಯ ಬೂಟಿನವನನ್ನು ಅಲ್ಲಿ ನಿಲ್ಲಿಸಿದ್ದೆ. ಯಾವ ಮುಖ ಇಟ್ಟುಕೊಂಡು ಯಾರಿಗೆ ಬೈಯುವುದು?

ಮೂಡಬಿದಿರೆಗೆ ಬಂದು ಆ ಬೂಟಿನವನನ್ನು ಅಳಿಸಿದೆ. ಅವನ ಜಾಗದಲ್ಲಿ ಮಣೆಯ ಮೇಲೆ ಕೂತ, ನಾಲ್ಕೂಮುಕ್ಕಾಲು ಅಡಿಯ ಒಬ್ಬ ಹೆಂಗಸನ್ನು ಮಾಡಿದೆ. ಬಗ್ಗಿಸಿದೆ. ರೋಬೋಟ್ ಓಡಿಸಿದಾಗ ಅವಳ ಕೈ ಕಂಪ್ಯೂಟರಿನಲ್ಲಿ ಕೆಂಪಾಯಿತು, ಎಂದರೆ ಡಬ್ಬ ಅದಕ್ಕೆ ಬಡಿಯುತ್ತದೆ. ನೆಲದ ಹತ್ತಿರ ಇನ್ನೊಂದು ಗೆರೆ ಹಾಕಿ, ಡಬ್ಬ ಇಳಿಸುವಾಗ ವೇಗ ತಗ್ಗಿಸಿ ನೋಡಿದೆ. ಕೆಂಪು ಹೋಯಿತು. ಆದರೆ ಹನ್ನೆರಡು ಸೆಕೆಂಡು ಹದಿನೇಳಾಯಿತು.

ಮರುದಿನ ಕಾರ್ಖಾನೆಯ ಆಫೀಸಿನಲ್ಲಿ ಇಬ್ಬರಿಗೂ ಮೊದಲು ಕೆಂಪಾದ ಕೈಯನ್ನು, ಆಮೇಲೆ ಸರಿ ಮಾಡಿದ್ದನ್ನು ತೋರಿಸಿದೆ. ಹದಿನೇಳು ಎಂದ ಕೂಡಲೇ ಶೋಧನ್ ಮುಖ ತಿರುಗಿಸಿದರು. ಎಲ್ಲರಿಗೂ ಹನ್ನೆರಡು ಎಂದು ಹೇಳಿ ಆಗಿದೆಯಂತೆ. ಆ ಕೆಂಪು ಕೈಯ ಕಡೆಗೆ ಬೆರಳು ತೋರಿಸಿ, "ಇದರಲ್ಲಿ ತೊಂದರೆ ಇರುವುದು ಆ ಹೆಂಗಸಿನಿಂದ ಅಲ್ವಾ? ಅವರನ್ನು ಅಲ್ಲಿಂದ ತೆಗೆಯುವ" ಎಂದರು.

ನಾನು ಬಾಯಿ ತೆರೆಯುವ ಮೊದಲು ಕಮಲಾಕ್ಷ ಸರ್ ನನ್ನ ಲ್ಯಾಪ್‌ಟಾಪನ್ನು ತಮ್ಮ ಕಡೆಗೆ ಎಳೆದುಕೊಂಡರು. ನಾನು ಮಾಡಿದ ಹೆಂಗಸನ್ನು ಅಳಿಸಿ, ಹಳೆಯ ವೇಗದಲ್ಲಿ ಓಡಿಸಿದರು. ಕೆಂಪು ಇಲ್ಲ, ಹನ್ನೆರಡು ಸೆಕೆಂಡು. "ನೋಡು ಮಾರಾಯ್ತಿ, ಎಷ್ಟು ಸುಲಭ" ಎಂದರು. ಚೀಟಿ ಅಂಟಿಸುವುದನ್ನು ಸರಸಳೇ ನೋಡಿಕೊಳ್ಳಲಿ, ಪೂವಮ್ಮ ಇನ್ನು ಬರುವುದು ಬೇಡ ಎಂದು ಅಲ್ಲಿಯೇ ತೀರ್ಮಾನವಾಯಿತು. ಗೋಡಂಬಿ ಮಾತ್ರ ಉದುರುತ್ತಲೇ ಇರುತ್ತದೆ, ಇನ್ನೊಬ್ಬರು ಬಗ್ಗುತ್ತಾರೆ ಎಂದು ನಾನು ಕೂಗಾಡಿದೆ. ಕೂಗಾಡಿದವಳ ಮಾತು ಯಾರಿಗೆ ಬೇಕು?

ಹೊರಗೆ ಪೂವಮ್ಮ ಬುತ್ತಿಯ ಚೀಲ ಹಿಡಿದು ನಿಂತಿದ್ದರು. ಸುದ್ದಿ ಆಗಲೇ ತಲುಪಿತ್ತು. ಪೂವಮ್ಮಕ್ಕ, ನಿಮ್ಮ ಕೈಗೆ ಏನೂ ಆಗಬಾರದು ಎಂದು ಮಾಡಿದ್ದು ಎಂದೆ. ಅವರು ಚೀಲವನ್ನು ಹೆಗಲಿಗೇರಿಸಿದರು.

"ಕೈ ತಪ್ಪಿಸಿಕೊಳ್ಳಲಿಕ್ಕೆ ನನಗೆ ಗೊತ್ತುಂಟು. ಕೆಲಸ ಹೋಗುವುದನ್ನು ಹೇಗೆ ತಪ್ಪಿಸುವುದು, ನೀನೇ ಹೇಳು."

ಅವರು ಗೇಟು ದಾಟಿ ಹೋದರು. ಆ ದಿನ ನನಗೆ ಬಂದ ಸಿಟ್ಟು ಹಿಂದೆಂದೂ ಬಂದದ್ದಲ್ಲ. ಧಣಿಯ ಮೇಲೆ, ಸರ್ ಮೇಲೆ, ನನ್ನ ವಿದ್ಯೆಯ ಮೇಲೆ.

ಮಧ್ಯಾಹ್ನ ಕೊನೆಯ ಪರೀಕ್ಷೆ. ಕಂಪ್ಯೂಟರಿನಲ್ಲಿ ತೋರಿಸಿದ್ದೂ ಇಲ್ಲಿರುವುದೂ ಒಂದೇ, ರೋಬೋಟಿನ ಹತ್ತಿರ ಮನುಷ್ಯರ ಕೆಲಸ ಇಲ್ಲ ಎಂಬ ಕಾಗದಕ್ಕೆ ನಾನು ಸಹಿ ಹಾಕಬೇಕಿತ್ತು. ರೋಬೋಟ್ ಓಡುತ್ತಿತ್ತು. ಅದನ್ನು ನಿಲ್ಲಿಸುವ ಕೆಂಪು ಗುಂಡಿ ನನ್ನ ಕೈಯಲ್ಲಿತ್ತು. ಶೋಧನ್ ಬೆಲ್ಟಿನ ಕೊನೆಯಲ್ಲಿ ನಿಂತು ವಾಚು ನೋಡಿ ಸೆಕೆಂಡು ಎಣಿಸುತ್ತಿದ್ದರು. ಆಗ ಒಂದು ಗೋಡಂಬಿ ಅವರ ಕಾಲ ಬಳಿ ಉದುರಿ ಒಳಗೆ ಉರುಳಿತು. ಅಜ್ಜನ ಕಾಲದಿಂದ ಗೋಡಂಬಿಯ ಅನ್ನ ತಿಂದ ಮನೆಯವರು. ಎಣಿಸುವುದನ್ನು ಬಿಟ್ಟು ಅವರು ಕುಕ್ಕರುಗಾಲಲ್ಲಿ ಕೂತರು, ಗೆರೆಯ ಅಡಿಯಿಂದ ಕೈ ಚಾಚಿದರು.

ಡಬ್ಬ ಮೇಲಿಂದ ಇಳಿಯುತ್ತಿತ್ತು.

ಗುಂಡಿ ಒತ್ತಿದೆ. ರೋಬೋಟಿನ ತೋಳು ಅವರ ಮಣಿಕಟ್ಟಿನ ಮೇಲೆ ಎರಡು ಬೆರಳಿನಷ್ಟು ಅಂತರದಲ್ಲಿ ನಡುಗಿ ನಿಂತಿತು. ಶೋಧನ್ ಕೂತಲ್ಲಿಯೇ ಉಳಿದರು, ಮುಖ ಸುಣ್ಣದಂತಾಗಿತ್ತು. ಕಮಲಾಕ್ಷ ಸರ್ ಓಡಿಬಂದು ಅವರ ಕೈಯನ್ನು ಈಚೆಗೆ ಎಳೆದರು.

"ಈಗ ಯಾರನ್ನು ತೆಗೆಯುವ?" ಎಂದು ಕೇಳಿದೆ.

ಸಂಜೆಯ ಒಳಗೆ ಶೋಧನ್ ತಾವೇ ಪೂವಮ್ಮನಿಗೆ ಫೋನ್ ಮಾಡಿ ಬರಹೇಳಿದರು. ಈಗ ಅಲ್ಲಿ ಒಂದು ಡಬ್ಬಕ್ಕೆ ಹದಿನೇಳು ಸೆಕೆಂಡು. ಸಮಯಕ್ಕೆ ಸರಿಯಾಗಿ ಗುಂಡಿ ಒತ್ತಿದೆ ಎಂದು ಎಲ್ಲರೂ ನನ್ನನ್ನು ಹೊಗಳುತ್ತಾರೆ. ನಾನು ಕೂಡಲೇ ಒತ್ತಲಿಲ್ಲ. ಆ ಕೈ ಒಳಗೆ ಹೋದದ್ದನ್ನು ನೋಡಿದೆ, ಡಬ್ಬ ಇಳಿಯುವುದನ್ನು ನೋಡಿದೆ, ತಾಗಲಿ ಎಂದುಕೊಂಡೆ, ಆಮೇಲೆ ಒತ್ತಿದೆ.